ಘಾಟು ತಿಳಿಯದ ಮೂಗು

ಡೈಮಂಡ್ ಬಾರ್ ಊರಿನ ಮನೆಯಿಂದ
18 ಮೇ 2024, ಶನಿವಾರ ಬೆಳಿಗ್ಗೆ

ನನ್ನ ಪುಟ್ಟಿ ಪ್ರೇರಣಾಗೆ, ತಲೆ ನೇವರಿಸಿ ಅಮ್ಮ ಮಾಡುವ ಆಶೀರ್ವಾದ.

ನೀನು ನನ್ನ ಫೋನು ಎತ್ತದೆ ಇವತ್ತಿಗೆ ನಾಲ್ಕು ತಿಂಗಳು ಮೂರು ದಿನ. ಎಣಿಸಿಕೊಂಡು ಕೂತಿದ್ದಾಳೆ ನೋಡು ಅಂತ ಸಿಡುಕಬೇಡ. ಹತ್ತೊಂಬತ್ತು ವರ್ಷದಿಂದ ಸ್ಕೂಲಿನ ಅಟೆಂಡೆನ್ಸ್ ಕಿಟಕಿಯ ಹಿಂದೆ ಕೂತವಳು ನಾನು. ಯಾರು ಎಷ್ಟು ದಿನ ಬಂದಿಲ್ಲ ಅನ್ನುವುದು ತಾನಾಗಿ ತಲೆಯಲ್ಲಿ ಉಳಿದುಬಿಡುತ್ತದೆ. ನಿನ್ನ ಅಪ್ಪ, ವಾಟ್ಸಾಪಿನಲ್ಲಿ ನಾಲ್ಕು ಸಾಲು ಹಾಕಿ ಮುಗಿಸು ಅಂದರು. ನಾಲ್ಕು ಸಾಲಿನಲ್ಲಿ ಮುಗಿಯುವ ವಿಷಯವಾಗಿದ್ದರೆ ನಾಲ್ಕು ತಿಂಗಳು ಆಗುತ್ತಿತ್ತೇ? ಅವರನ್ನು ಕಾರು ತೊಳೆಸಲು ಕಳಿಸಿ, ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ಇದನ್ನು ಕನ್ನಡದಲ್ಲಿ ಯಾಕೆ ಬರೆದಳು ಅಂತ ನಿನಗೆ ಅನ್ನಿಸುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮಧ್ಯದಲ್ಲಿ ಎದ್ದು ಹೋಗಬೇಡ.

ಮೊದಲು ಹೊಟ್ಟೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ. ನಿನ್ನ ಅತ್ತೆ ರತ್ನಾವತಿಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣದಲ್ಲ, ಚೆನ್ನಾಗಿ ಬೆಳೆದದ್ದು. ನಿನ್ನ ಮಾವ ಮೋಹನದಾಸರು ತೀರಿಕೊಂಡಮೇಲೆ ಅವರು ಲಾಂಗ್ ಬೀಚಿನ ಮನೆ ಬಿಟ್ಟು ಲಾ ಹೋಯಾಕ್ಕೆ ನಿಮ್ಮ ಜೊತೆ ಇರಲು ಬಂದರಲ್ಲ, 2021ರ ಮಾರ್ಚಿನಲ್ಲಿ, ಅವತ್ತು ಎರಡು ಸೂಟ್‌ಕೇಸು ಒಳಗೆ ಬರುವುದನ್ನು ನಾನು ನಿಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಪಾಪ ಅಂತ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಜೊತೆಯಲ್ಲೇ ಇನ್ನೊಂದೂ ಅನ್ನಿಸಿತು: ಇನ್ನು ನನ್ನ ಮಗಳು ಬೆಳಿಗ್ಗೆ ಎದ್ದು ಮೊದಲು ನೋಡುವುದು ಇವರ ಮುಖ. ನನ್ನ ಮನೆಯಲ್ಲಿ ಹದಿನೆಂಟು ವರ್ಷ ಮಜ್ಜಿಗೆಹುಳಿ ಕಂಡರೆ ಮೂಗು ಮುರಿಯುತ್ತಿದ್ದವಳು ಅವರ ಕೈಯ ತಂಬುಳಿಯನ್ನು ಲೋಟದಲ್ಲಿ ಹಾಕಿಕೊಂಡು ಕುಡಿಯುತ್ತೀಯ. ನಾನು ಸಾಂಬಾರ್ ಪುಡಿ ಕಳಿಸಿದರೆ ಥ್ಯಾಂಕ್ಸ್ ಅಮ್ಮಾ ಅಂತ ಮೆಸೇಜು. ಅವರು ಪತ್ರೊಡೆ ಮಾಡಿದರೆ ಅದರ ಫೋಟೋ ನನಗೇ ಕಳಿಸುತ್ತೀಯ. ಫೋಟೋ ನೋಡಿ ನಾನು ವಾವ್ ಅಂತ ಹಾಕುತ್ತಿದ್ದೆನಲ್ಲ, ಆ ವಾವ್ ಹಾಕುವಾಗ ನನ್ನ ಮುಖ ಹೇಗಿರುತ್ತಿತ್ತು ಅಂತ ನಿನ್ನ ಅಪ್ಪನನ್ನು ಕೇಳು.

ಆದರೂ ಆಪರೇಷನ್ನಿನ ತನಕ ಎಲ್ಲವನ್ನೂ ನುಂಗಿಕೊಂಡಿದ್ದೆ. ಅಕ್ಟೋಬರಿನಲ್ಲಿ ನಿನಗೆ ಮೂಗಿನ ಸರ್ಜರಿ ಅಂತ ಗೊತ್ತಾದಾಗ ನಾನು ಆಗಲೇ ಎರಡು ವಾರ ರಜೆ ಬರೆದುಕೊಟ್ಟಿದ್ದೆ. ನೀನು ಫೋನಿನಲ್ಲಿ, ಬೇಡ ಅಮ್ಮಾ, ಅತ್ತೆ ಇದ್ದಾರಲ್ಲ, ಯೂ ಕಮ್ ಆಫ್ಟರ್ ಒನ್ ವೀಕ್ ಅಂದೆ. ಸರಿ ಅಂದೆ. ಆಪರೇಷನ್ನಿಗೆ ಮೂರು ದಿನ ಮುಂಚೆ, ಹುಳಿಯನ್ನ ಫ್ರೀಜರಿಗೆ ಇಟ್ಟು ಬರಲು ನಾವಿಬ್ಬರೂ ಬಂದಿದ್ದೆವಲ್ಲ, ಅವತ್ತು ನಿಮ್ಮ ಅಡುಗೆಕಟ್ಟೆಯ ಮೇಲೆ ಆಸ್ಪತ್ರೆಯ ಫಾರಂ ಬಿದ್ದಿತ್ತು. ತುರ್ತಿಗೆ ಯಾರನ್ನು ಕರೆಯಬೇಕು ಅಂತ ಮೂರು ಸಾಲು. ನನ್ನ ಕೆಲಸವೇ ಅದು, ಸಾವಿರ ಮಕ್ಕಳ ಎಮರ್ಜೆನ್ಸಿ ಕಾರ್ಡು ನನ್ನ ಕೈಯಲ್ಲೇ ಇರುತ್ತದೆ, ಕಣ್ಣು ತಾನಾಗಿ ಅಲ್ಲಿಗೇ ಹೋಯಿತು. ಮೊದಲನೇ ಸಾಲು ದೀಪೇಶ್, ಹಸ್ಬೆಂಡ್. ಎರಡನೇ ಸಾಲು ರತ್ನಾವತಿ, ಸಂಬಂಧ ಅಂತ ಇರುವಲ್ಲಿ ನೀನು ಮದರ್ ಅಂತ ಬರೆದಿದ್ದೆ. ಮದರ್-ಇನ್-ಲಾ ಅಂತ ಬರೆಯಲು ಜಾಗ ಇತ್ತು, ನಾನು ಅಳೆದು ನೋಡಿದೆ. ಮೂರನೇ ಸಾಲು ಖಾಲಿ.

ಹುಳಿಯನ್ನದ ಡಬ್ಬಿಗಳನ್ನು ಫ್ರೀಜರಿಗೆ ತುರುಕಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ವಾಪಸ್ ಬರುವಾಗ ಅಪ್ಪ, ಯಾಕೆ ಕಣ್ಣು ಕೆಂಪಾಗಿದೆ ಅಂತ ಕೇಳಿದರು. ಈರುಳ್ಳಿ ಅಂದೆ. ಅವತ್ತು ಯಾರೂ ಈರುಳ್ಳಿ ಹೆಚ್ಚಿರಲಿಲ್ಲ.

ನಿನ್ನ ಮೂಗಿನ ಕಥೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಏಳನೇ ಕ್ಲಾಸಿನಲ್ಲಿ ವಾಲಿಬಾಲ್ ಬಡಿದು ಒಳಗಿನ ಗೋಡೆ ಸೊಟ್ಟಗಾಗಿದ್ದು, ಆಮೇಲೆ ಬಾಯಿ ತೆರೆದುಕೊಂಡೇ ಮಲಗುತ್ತಿದ್ದದ್ದು, ಬೆಳಿಗ್ಗೆ ತುಟಿ ಒಣಗಿ ಸೀಳಿರುತ್ತಿದ್ದದ್ದು. ಈ ಸಲ ಗೋಡೆ ನೆಟ್ಟಗೆ ಮಾಡಿ, ಒಳಗಿನ ಮೆತ್ತನೆಯ ಮಡಿಕೆಗಳನ್ನೂ ಸಣ್ಣದು ಮಾಡಿದರು. ಅವತ್ತಿನಿಂದ ಹತ್ತು ದಿನ ನಿನ್ನನ್ನು ನೋಡಿಕೊಂಡದ್ದು ನಿನ್ನ ಅತ್ತೆ. ತಲೆದಿಂಬು ಮೂರು ಪೇರಿಸಿದ್ದು ಅವರು, ಉಪ್ಪುನೀರು ಬೆರೆಸಿ ಮೂಗು ತೊಳೆಸಿದ್ದು ಅವರು, ಗಂಜಿಯನ್ನು ಸ್ಟ್ರಾ ಹಾಕದೆ ಚಮಚದಲ್ಲಿ ಕುಡಿಸಿದ್ದು ಅವರು. ವಾರ ಕಳೆದು ನಾನು ಬಂದಾಗ ಮಾಡಲು ಏನೂ ಉಳಿದಿರಲಿಲ್ಲ. ಪಾತ್ರೆ ತೊಳೆಯಲು ಹೋದರೆ ಅದೂ ತೊಳೆದಿತ್ತು.

ಡಿಸೆಂಬರಿನಲ್ಲಿ ನೀನೇ ಫೋನು ಮಾಡಿದೆ, ಗುರುವಾರ ಮಧ್ಯಾಹ್ನ, ನನ್ನ ಊಟದ ಹೊತ್ತಿಗೆ. ಅಮ್ಮಾ, ಗಾಳಿ ಹೋಗ್ತಾ ಇದೆಯಂತೆ, ಬಟ್ ಐ ಕಾಂಟ್ ಫೀಲ್ ಇಟ್ ಅಂದೆ. ನೀರಿನೊಳಗೆ ಇದ್ದ ಹಾಗೆ ಆಗುತ್ತೆ, ನಿದ್ದೆ ಬರೋ ಹೊತ್ತಿಗೆ ಉಸಿರು ನಿಂತುಹೋಯ್ತು ಅಂತ ಎದ್ದು ಕೂರ್ತೀನಿ ಅಂದೆ. ಕೆಲಸಕ್ಕೆ ಹೋಗುವ ಬೋಟಿನಲ್ಲಿ ಸಮುದ್ರದ ಗಾಳಿಗೆ ಮುಖ ಕೊಟ್ಟು ನಿಂತರೂ ಮೂಗಿನೊಳಗೆ ಏನೂ ಇಲ್ಲ, ಕೆನ್ನೆಗೆ ಮಾತ್ರ ತಣ್ಣಗೆ ಅಂದೆ. ಡಾಕ್ಟರು ಕ್ಯಾಮೆರಾ ಹಾಕಿ ನೋಡಿ, ಬ್ಯೂಟಿಫುಲ್, ಎಲ್ಲಾ ಓಪನ್ ಆಗಿದೆ ಅಂದರಂತೆ.

ಅದಕ್ಕೆ ನಾನು ಏನು ಹೇಳಿದೆ ನೆನಪಿದೆಯಾ? ಗ್ಯಾಸ್ ಇರಬೇಕು ಕಣೆ, ಓಮಿನ ಕಾಳು ಬಿಸಿನೀರಿಗೆ ಹಾಕಿ ಕುಡಿ ಅಂದೆ. ನಮ್ಮ ಮನೆಯಲ್ಲಿ ಎದೆ ನೋವು, ತಲೆ ನೋವು, ಅಳು, ಸಿಟ್ಟು ಎಲ್ಲಕ್ಕೂ ಗ್ಯಾಸೇ ಕಾರಣ. ನೀನು ನಗಲಿಲ್ಲ. ಅತ್ತೆ ಬಿಲೀವ್ಸ್ ಮೀ ಅಂತ ಮೆಲ್ಲಗೆ ಹೇಳಿ ಫೋನು ಇಟ್ಟೆ.

ಅದೊಂದು ಮಾತಿಗೆ ನಾನು ಏನೇನು ಅಂದುಕೊಂಡೆ ಅಂತ ಬರೆಯಲು ನಾಚಿಕೆ. ದಿನಕ್ಕೆ ಮೂವತ್ತು ಮಕ್ಕಳು ನನ್ನ ಕಿಟಕಿಗೆ ಬಂದು ಹೊಟ್ಟೆ ನೋವು, ಉಸಿರು ಕಟ್ಟುತ್ತೆ, ಮನೆಗೆ ಕಳಿಸಿ ಅನ್ನುತ್ತವೆ. ಮುಖ ನೋಡಿದರೆ ಸಾಕು, ಯಾವುದು ನಿಜ ಯಾವುದು ಸುಳ್ಳು ನನಗೆ ಗೊತ್ತಾಗುತ್ತದೆ ಅಂತ ಜಂಬ ನನಗೆ. ಅಂಥವಳಿಗೆ ಹೆತ್ತ ಮಗಳ ವಿಷಯದಲ್ಲಿ ಮಾತ್ರ ಮುಖವನ್ನೂ ನೋಡದೆ ತೀರ್ಪು ಸಿದ್ಧವಿತ್ತು: ಇವಳಿಗೆ ಏನೂ ಇಲ್ಲ, ಅತ್ತೆ ಮುದ್ದು ಮಾಡಿ ಮಾಡಿ ಕಾಯಿಲೆ ಸಾಕುತ್ತಿದ್ದಾರೆ. ಪಕ್ಕದ ಬೀದಿಯ ಮಧುರಾ ಹತ್ತಿರವೂ ಹಾಗೇ ಹೇಳಿದೆ. ಅವಳು ಹೌದು ಹೌದು ಅಂದಳು, ನನಗೆ ಸಮಾಧಾನವಾಯಿತು.

ಹಾಗಾಗಿ ಸಂಕ್ರಾಂತಿಗೆ ಬಂದೆವು. ಸೋಮವಾರ, ಸ್ಕೂಲಿಗೂ ರಜೆ. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಜೊತೆಗೆ ನನ್ನ ಕೈಚೀಲದಲ್ಲಿ ಒಂದು ಹಿಡಿ ಒಣಮೆಣಸಿನಕಾಯಿ. ನಿನ್ನ ಮುಖ ಇಳಿದುಹೋಗಿತ್ತು. ಮಾತಿನ ನಡುವೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದೆ. ಅದನ್ನು ಕಂಡು ಅಯ್ಯೋ ಅನ್ನುವ ಬದಲು ನಾನು ಅಡುಗೆಮನೆಗೆ ಹೋಗಿ ಸ್ಟೀಲ್ ತಟ್ಟೆ ತಂದು ನಿನ್ನ ಮೂಗಿನ ಕೆಳಗೆ ಹಿಡಿದೆ. ತಟ್ಟೆ ಮಂಜಾಯಿತು. ಎರಡೂ ಕಡೆ ಒಂದೇ ಸಮ. ನೋಡು, ಎಷ್ಟು ಚೆನ್ನಾಗಿ ಉಸಿರು ಬರ್ತಿದೆ, ಇನ್ನೇನು ಬೇಕು ನಿಂಗೆ ಅಂತ ಗದರಿದೆ. ನೀನು ತಟ್ಟೆಯನ್ನೇ ನೋಡುತ್ತಾ ಕೂತೆ. ನಿನ್ನ ಅತ್ತೆ ಬಂದು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೇಡ ಮಾರಾಯ್ರೆ, ಅವಳಿಗೆ ಬೇಸರ ಆಗ್ತದೆ ಅಂತ ಮೆತ್ತಗೆ ಹೇಳಿದರು. ನನ್ನ ಮಗಳಿಗೆ ಬೇಸರವಾಗುವುದನ್ನು ಇವರಿಂದ ಕೇಳಬೇಕಾಯಿತಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು.

ದೃಷ್ಟಿ ತೆಗೆಯುತ್ತೇನೆ ಅಂತ ಹೊರಟಿದ್ದು ಅದೇ ಉರಿಯಲ್ಲಿ. ಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿನಗೆ ಮೂರು ಸಲ ನಿವಾಳಿಸಿ, ಕಾದ ತವದ ಮೇಲೆ ಹಾಕಿದೆ. ಆಮೇಲೆ ಆದದ್ದನ್ನು ನೀನೂ ನೋಡಿದ್ದೀಯ. ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತು. ದೀಪೇಶ್ ಟವೆಲ್ ಬೀಸುತ್ತಾ ಕುರ್ಚಿ ಹತ್ತಿದ. ಅಪ್ಪ ಹನ್ನೊಂದು ಸಲ ಸೀನಿದರು. ನಿನ್ನ ಅತ್ತೆ ಕೆಮ್ಮಿಕೊಂಡು ಬಾಲ್ಕನಿಗೆ ಓಡಿದರು. ನನಗಂತೂ ಘಾಟು ನೆತ್ತಿಗೆ ಹತ್ತಿ ಕಣ್ಣು ಮೂಗು ಎಲ್ಲ ನೀರು. ನೀನೊಬ್ಬಳು ಕುರ್ಚಿಯಲ್ಲಿ ಹಾಗೇ ಕೂತಿದ್ದೆ. ಕಣ್ಣಲ್ಲಿ ಸ್ವಲ್ಪ ನೀರು ಬಂತು, ತಡವಾಗಿ ಗಂಟಲಲ್ಲಿ ಒಂದು ಕೆಮ್ಮು, ಅಷ್ಟೆ. ಒಂದು ಸೀನಿಲ್ಲ, ಮೂಗು ಒರೆಸಲಿಲ್ಲ. ಈಸ್ ಇಟ್ ದಟ್ ಬ್ಯಾಡ್ ಅಂತ ನಮ್ಮನ್ನೇ ಕೇಳಿದೆ.

ನನಗೆ ನನ್ನ ಅಜ್ಜಿಯಿಂದ ಬಂದ ಲೆಕ್ಕ ಏನು ಗೊತ್ತಾ? ಮೆಣಸಿನಕಾಯಿ ಸುಟ್ಟಾಗ ಮನೆಯಲ್ಲಿ ಯಾರಿಗೂ ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತ. ಘಾಟು ಬಂದರೆ ದೃಷ್ಟಿ ಇರಲಿಲ್ಲ ಅಂತ. ಅವತ್ತು ಪಕ್ಕದ ಅಪಾರ್ಟ್‌ಮೆಂಟಿನವರು ಕೂಡ ಕೆಮ್ಮಿಕೊಂಡು ಬಾಗಿಲು ತಟ್ಟಿದರು. ಅಂದಮೇಲೆ ಅಜ್ಜಿಯ ಲೆಕ್ಕದಲ್ಲಿ ನಿನಗೆ ಯಾವ ದೃಷ್ಟಿಯೂ ಇರಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ನಿಯಮವನ್ನು ನನಗೆ ಬೇಕಾದ ಹಾಗೆ ತಿರುಚಿದೆ. ನಿನ್ನ ಅತ್ತೆ ಬಾಲ್ಕನಿಯಿಂದ ಒಳಗೆ ಬರುವುದನ್ನೇ ಕಾದು, ಅವರ ಮುಖ ನೋಡಿಕೊಂಡು, ನೋಡಿದ್ರಾ, ನನ್ನ ಮಗಳೊಬ್ಬಳಿಗೇ ಘಾಟಿಲ್ಲ, ಮನೆಯೊಳಗಿನ ಕಣ್ಣೇ ಬಿದ್ದಿದೆ ಅಂದುಬಿಟ್ಟೆ.

ನೀನು ಎದ್ದು ಬಂದು, ಸ್ಪಷ್ಟವಾಗಿ, ಅಮ್ಮಾ ಪ್ಲೀಸ್ ಗೋ ಹೋಮ್ ಅಂದೆ. ಎಳ್ಳುಬೆಲ್ಲದ ಡಬ್ಬಿಯನ್ನು ನೀನೇ ನನ್ನ ಕೈಗೆ ವಾಪಸ್ ಇಟ್ಟೆ. ಓಶನ್‌ಸೈಡ್ ಊರು ದಾಟಿದ ಮೇಲೆ ಅಪ್ಪ ಕಾರಿನ ರೇಡಿಯೋ ಆರಿಸಿದರು. ಆಮೇಲೆ, ಶಾಮಲಾ, ಇವತ್ತು ನೀನು ಮಾಡಿದ್ದು ತುಂಬಾ ತಪ್ಪಾಯ್ತು ಅಂದರು. ಮೂವತ್ತೈದು ವರ್ಷದಲ್ಲಿ ಅವರು ನನಗೆ ಹಾಗೆ ಹೇಳಿದ್ದು ಎರಡನೇ ಸಲ. ಮೊದಲನೇ ಸಲದ್ದು ಈಗ ಬೇಡ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ, ಆದ್ದರಿಂದ ನಿಧಾನವಾಗಿ ಕೇಳು. ಎರಡು ವಾರ ಕಳೆದು, ಫೆಬ್ರವರಿ ಒಂದನೇ ತಾರೀಕು ಗುರುವಾರ, ಸ್ಕೂಲಿನ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಮೊಸರನ್ನ ತಿನ್ನುತ್ತಿದ್ದೆ. ನಿನ್ನ ಅತ್ತೆಯ ಫೋನು. ಜಗಳಕ್ಕೇ ಬಂದರು ಅಂತ ನಾನೂ ಸೆರಗು ಸಿಕ್ಕಿಸಿಕೊಂಡೆ. ಅವರು, ಊಟ ಆಯ್ತಾ ಅಂತ ಕೇಳಿದರು. ಆಮೇಲೆ, ಪ್ರೇರಣಾನನ್ನು ಬೇರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ, ನಿಮಗೆ ಹೇಳದೆ ಇರ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಂದರು.

ನಾನು ಅವತ್ತು ಸುಟ್ಟ ಮೆಣಸಿನಕಾಯಿಯಲ್ಲಿ ಅವರಿಗೆ ಕಂಡಿದ್ದು ನನಗೆ ಕಾಣದೇ ಹೋದದ್ದು. ಎಲ್ಲರ ಮೂಗೂ ಉರಿಯುವಾಗ ಇವಳ ಮೂಗು ಮಾತ್ರ ಉರಿಯಲಿಲ್ಲ ಅಂದರೆ ಆ ಮೂಗಿಗೇ ಏನೋ ಆಗಿದೆ ಅಂತ ಅವರಿಗೆ ಹೊಳೆಯಿತು. ಮಾರನೇ ದಿನ ನೀಲಗಿರಿ ಎಣ್ಣೆ ಮೂಸಿಸಿ ನೋಡಿದರಂತೆ. ವಾಸನೆ ಬರುತ್ತದೆ, ತಣ್ಣಗೆ ಅನ್ನಿಸುವುದಿಲ್ಲ ಅಂದೆಯಂತೆ ನೀನು. ಅದನ್ನೆಲ್ಲ ಹೊಸ ಡಾಕ್ಟರಿಗೆ ಅವರೇ ಹೇಳಿದರು. ಆ ಡಾಕ್ಟರು, ಮೊದಲ ಸಲ ಯಾರೋ ಸರಿಯಾದ ಮಾತು ಹೇಳಿದಿರಿ ಅಂತ ಕುರ್ಚಿ ಹತ್ತಿರ ಎಳೆದುಕೊಂಡರಂತೆ. ದಾರಿ ತೆರೆದಿದ್ದರೆ ಸಾಲದು, ಹೋಗುವ ಗಾಳಿಯ ತಂಪನ್ನು ಹಿಡಿಯುವ ನರಗಳು ಮೂಗಿನೊಳಗೆ ಇರುತ್ತವೆ, ಅವು ಹೇಳಿದರೆ ಮಾತ್ರ ಉಸಿರಾಡುತ್ತಿದ್ದೇನೆ ಅಂತ ಅನ್ನಿಸುವುದು, ಇವಳಲ್ಲಿ ಆ ನರಗಳು ಪೆಟ್ಟು ತಿಂದು ಮಂಕಾಗಿವೆ, ತಿಂಗಳುಗಟ್ಟಲೆ ಬೇಕು, ಪೂರ್ತಿ ಬರುತ್ತದೆ ಅಂತ ಮಾತು ಕೊಡಲಾರೆ ಅಂದರಂತೆ.

ಇದನ್ನು ಕೇಳಿ ನನಗೆ ಮೊದಲು ಏನನ್ನಿಸಿತು ಅಂತ ಹೇಳಲಾ? ನಿನ್ನ ನೋವಲ್ಲ. ಮೆಣಸಿನಕಾಯಿ ನನ್ನದು, ಹೆಸರು ಅವರಿಗೆ ಬಂತಲ್ಲ ಅಂತ. ಇಂಥ ಹೊತ್ತಿನಲ್ಲೂ ಹಾಗನ್ನಿಸುವ ಹೆಂಗಸು ನಾನು.

ನೀವು ಅವಳನ್ನು ಮೊದಲ ದಿನದಿಂದ ಹೇಗೆ ನಂಬಿದಿರಿ ಅಂತ ಕೇಳಿದೆ. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲ್ಲ, ಚುಚ್ಚಲು. ಅವರು ಮೋಹನದಾಸರ ವಿಷಯ ಹೇಳಿದರು. 2020ರ ಡಿಸೆಂಬರು, ಲಾಂಗ್ ಬೀಚಿನ ಮನೆ, ಕೋವಿಡ್ಡು. ಅವರು ಉಸಿರು ಸಾಕಾಗುದಿಲ್ಲ ರತ್ನ ಅಂತ ಎರಡು ದಿನ ಹೇಳಿದರಂತೆ. ಇವರು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ತೊಂಬತ್ತೈದು ಉಂಟಲ್ಲ, ಎಂಥದೂ ಇಲ್ಲ, ಹೆದರಿಕೆಗೆ ಹಾಗಾಗುದು, ಮಲಗಿ ಅಂದರಂತೆ. ಮೂರನೇ ದಿನ ಆಂಬ್ಯುಲೆನ್ಸ್. ಮತ್ತೆ ಅವರನ್ನು ನೋಡಿದ್ದು ನರ್ಸ್ ಹಿಡಿದ ಟ್ಯಾಬ್ಲೆಟ್ಟಿನ ಪರದೆಯಲ್ಲಿ. ಯಂತ್ರ ನೋಡಿದೆ, ಮನುಷ್ಯನನ್ನು ನೋಡ್ಲಿಲ್ಲ, ಇನ್ನು ಉಸಿರು ಬರುದಿಲ್ಲ ಅಂತ ಯಾರು ಹೇಳಿದ್ರೂ ನಾನು ನಂಬುದೇ ಅಂದರು.

ಅವರು ಇದನ್ನು ನಿನಗೆ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಹೇಳಿದರು, ದೃಷ್ಟಿ ಹಾಕಿದ್ದೀರಿ ಅಂತ ಅವರ ಮನೆಯಲ್ಲೇ ನಿಂತು ಅಂದವಳಿಗೆ. ಮೊಸರನ್ನದ ಡಬ್ಬಿ ತೊಡೆಯ ಮೇಲೆ ಹಾಗೇ ಇತ್ತು. ಗಂಟೆ ಹೊಡೆದದ್ದು ಕೇಳಿಸಲಿಲ್ಲ, ಅವತ್ತು ನನ್ನ ಕಿಟಕಿ ಹತ್ತು ನಿಮಿಷ ತಡವಾಗಿ ತೆರೆಯಿತು.

ಅಂದಿನಿಂದ ಪ್ರತಿ ಗುರುವಾರ ಅವರು ನನಗೆ ಫೋನು ಮಾಡುತ್ತಾರೆ. ಹೌದು, ನಿನಗೆ ತಿಳಿಯದ ಹಾಗೆ. ಅವರ ಮೇಲೆ ಸಿಟ್ಟಾಗಬೇಡ. ಆ ಇಪ್ಪತ್ತು ನಿಮಿಷ ಇಲ್ಲದಿದ್ದರೆ ನಾನು ಈ ನಾಲ್ಕು ತಿಂಗಳು ಹೇಗೆ ಕಳೆಯುತ್ತಿದ್ದೆನೋ. ಹ್ಯೂಮಿಡಿಫೈಯರ್ ತಂದದ್ದು, ಮೂಗಿಗೆ ಜೆಲ್ ಹಚ್ಚುವುದು, ನೀನು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುವುದು, ಅಳುವುದು, ಮತ್ತೆ ಬೋಟಿಗೆ ಹೋಗಲು ಶುರು ಮಾಡಿದ್ದು ಎಲ್ಲ ನನಗೆ ಗೊತ್ತು. ಅವರ ಫೋನಿಗಾಗಿ ಬುಧವಾರದಿಂದಲೇ ಕಾಯುತ್ತೇನೆ, ಫೋನು ಬಂದಮೇಲೆ ಸಂಜೆಯ ತನಕ ಅವರ ಮೇಲೆ ಕುದಿಯುತ್ತೇನೆ.

ಮಾರ್ಚ್ ಕೊನೆಯ ಗುರುವಾರ ಅವರ ದನಿ ಬೇರೆ ಇತ್ತು. ಹಿಂದಿನ ಸಂಜೆ ನೀವಿಬ್ಬರೂ ಸಮುದ್ರದ ದಂಡೆಯ ದಿಣ್ಣೆಯ ಮೇಲೆ ನಡೆಯುತ್ತಿದ್ದಿರಂತೆ. ನೀನು ಥಟ್ಟನೆ ನಿಂತು ಅವರ ತೋಳು ಹಿಡಿದು, ಅತ್ತೆ, ಲೆಫ್ಟ್ ಸೈಡ್, ತಣ್ಣಗೆ ಅಂದೆಯಂತೆ. ಮತ್ತೆ ಎಳೆದೆ, ಮತ್ತೆ ತಣ್ಣಗೆ. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಿರಂತೆ. ಕೇಳಿ ನನಗೆ ದೇವರಿಗೆ ಕೈ ಮುಗಿಯುವಷ್ಟು ಸಂತೋಷ. ಮುಗಿದೆ ಕೂಡ, ಸ್ಟಿಯರಿಂಗ್ ಮುಂದೆ ಕೂತೇ. ಆದರೆ ನೀನು ಹುಟ್ಟಿದಾಗ ನಿನ್ನ ಮೊದಲ ಉಸಿರು ಕೇಳಿದವಳು ನಾನು, ಈ ಎರಡನೇ ಸಲದ್ದು ಅವರ ಪಾಲಾಯಿತು. ಅದಕ್ಕೆ ಎಷ್ಟು ಸಂಕಟಪಟ್ಟೆ ಅಂತ ಬರೆಯದೆ ಬಿಟ್ಟರೆ ಈ ಕಾಗದ ಸುಳ್ಳಾಗುತ್ತದೆ.

ಆ ಸಂಕಟದಲ್ಲೇ ಇನ್ನೊಂದು ದಡ್ಡ ಕೆಲಸ ಮಾಡಿದೆ. ನರ ಮಂಕಾಗುವುದು, ಗಾಳಿ ತಿಳಿಯದಿರುವುದು, ಇದೆಲ್ಲ ನಿಜಕ್ಕೂ ಇದೆಯೋ ಅಥವಾ ನಿನ್ನ ಅತ್ತೆ ಮತ್ತು ಆ ಡಾಕ್ಟರು ಸೇರಿ ಕಟ್ಟಿದ್ದೋ ಅಂತ ನಾನೇ ನೋಡಿಬಿಡುತ್ತೇನೆ ಅಂದುಕೊಂಡೆ. ಏಪ್ರಿಲ್ ಎರಡನೇ ವಾರ ಸ್ಕೂಲಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ರಜೆ ಹಾಕಿದೆ, ಬೇರೆಯವರ ಸುಳ್ಳು ಹಿಡಿಯುವವಳು. ರೋಲೆಂಡ್ ಹೈಟ್ಸಿನಲ್ಲಿ ಒಬ್ಬ ಚೀನಿ ಡಾಕ್ಟರಮ್ಮ ಇದ್ದಾರೆ, ಅವರ ಹತ್ತಿರ ಮೂಗು ಕಟ್ಟುತ್ತದೆ ಅಂತ ಎರಡನೇ ಸುಳ್ಳು ಹೇಳಿದೆ. ಕ್ಯಾಮೆರಾ ಹಾಕಬೇಕು, ಅದಕ್ಕೆ ಮೊದಲು ಮರಗಟ್ಟಿಸುವ ಔಷಧಿ ಅಂತ ಎರಡೂ ಹೊಳ್ಳೆಗೆ ಸ್ಪ್ರೇ ಹೊಡೆದರು. ಕಹಿ ಗಂಟಲಿಗೆ ಇಳಿಯಿತು. ಅವರು ಐದು ನಿಮಿಷ ಅಂತ ಹೊರಗೆ ಹೋದರು.

ಪುಟ್ಟಿ, ಆ ಐದು ನಿಮಿಷದಲ್ಲಿ ನನ್ನ ಮೂಗು ಇಲ್ಲವಾಯಿತು. ಎಳೆಯುತ್ತೇನೆ, ಏನೂ ಬರುವುದಿಲ್ಲ. ಎದೆ ಏರುತ್ತದೆ, ಇಳಿಯುತ್ತದೆ, ಆದರೆ ಗಾಳಿ ಎಲ್ಲಿ? ಬಾಯಿ ತೆರೆದು ಎಳೆದೆ, ಇನ್ನಷ್ಟು ಎಳೆದೆ, ಸಾಕಾಗಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಎದ್ದು ನಿಂತೆ. ಸತ್ತುಹೋಗುತ್ತೇನೆ, ಅಪ್ಪನಿಗೆ ಎಲ್ಲಿಗೆ ಬಂದಿದ್ದೇನೆ ಅಂತಲೂ ಹೇಳಿಲ್ಲ ಅಂತ ಯೋಚನೆ ಬಂತು. ಡಾಕ್ಟರಮ್ಮ ಓಡಿ ಬಂದರು. ತಣ್ಣಗಿದ್ದ ಒಂದು ಸ್ಟೀಲ್ ಪಟ್ಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದು, ನೋಡಿ ಎಷ್ಟು ಚೆನ್ನಾಗಿ ಮಂಜಾಗುತ್ತಿದೆ, ನೀವು ಉಸಿರಾಡುತ್ತಿದ್ದೀರಿ, ದಾರಿ ಮೊದಲಿಗಿಂತ ಹೆಚ್ಚೇ ತೆರೆದಿದೆ ಅಂತ ನಗುತ್ತಾ ಹೇಳಿದರು.

ಆ ಪಟ್ಟಿಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ನಂಗೆ ತಿಳೀತಿಲ್ಲ ಅಂತ ಕನ್ನಡದಲ್ಲಿ ಕೂಗಿದೆ. ಕೂಗಿ ಮುಗಿಸುವ ಹೊತ್ತಿಗೆ ನಿನ್ನ ಮುಖ ಕಂಡಿತು, ಸಂಕ್ರಾಂತಿಯ ದಿನ ತಟ್ಟೆಯನ್ನು ನೋಡುತ್ತಾ ಕೂತಿದ್ದ ಮುಖ.

ನನಗೆ ಅದು ಅರ್ಧ ಗಂಟೆಯಲ್ಲಿ ಬಿಟ್ಟುಹೋಯಿತು. ನೀನು ಆ ಹೊತ್ತಿಗೆ ಆರು ತಿಂಗಳು ಅದರಲ್ಲೇ ಇದ್ದೆ. ಕೆಲಸಕ್ಕೆ ಹೋಗಿ ಬಂದು, ನಿದ್ದೆ ಮಾಡಿ, ನನ್ನ ಸಾಂಬಾರ್ ಪುಡಿಗೆ ಥ್ಯಾಂಕ್ಸ್ ಕೂಡ ಹೇಳಿ. ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಕೂತು, ಹೊಳ್ಳೆಯಲ್ಲಿ ಮೊದಲ ತಣ್ಣನೆ ಗಾಳಿ ತಿಳಿದಾಗ ನಾಚಿಕೆಯಾಯಿತು. ನನ್ನದು ಇಷ್ಟು ಬೇಗ ಬಂದುಬಿಟ್ಟಿತಲ್ಲ ಅಂತ.

ಈಗ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದನ್ನು ತೆಗೆಯುತ್ತೇನೆ. ನಿನ್ನನ್ನು ನಂಬದೆ ಇದ್ದದ್ದಕ್ಕೆ ನಿನ್ನ ಅತ್ತೆ ಮೇಲಿನ ಹೊಟ್ಟೆಕಿಚ್ಚು ಅರ್ಧ ಕಾರಣ. ಇನ್ನರ್ಧ ನಾನೇ. ಹದಿಮೂರು ವರ್ಷದವಳಿದ್ದಾಗಿನಿಂದ ಬಾಯಿ ಮುಚ್ಚಿ ಮಲಗು, ಫೋಟೋದಲ್ಲಿ ಬಾಯಿ ಮುಚ್ಚು, ಹುಡುಗನ ಮನೆಯವರ ಮುಂದೆ ಬಾಯಿ ಮುಚ್ಚು ಅಂದವಳು ಯಾರು? ನಿನಗೆ ಅಭ್ಯಾಸವಾಗಿತ್ತು, ಇರಲಿ ಬಿಡು ಅಮ್ಮಾ ಅನ್ನುತ್ತಿದ್ದೆ. ಹೋದ ವರ್ಷ ಜುಲೈಯಲ್ಲಿ ಡಾಕ್ಟರ ಹೆಸರು ಹುಡುಕಿ ಕಳಿಸಿದ್ದು ನಾನು, ಅಪಾಯಿಂಟ್‌ಮೆಂಟ್ ಆಯ್ತಾ ಅಂತ ವಾರಕ್ಕೆ ಎರಡು ಸಲ ಕೇಳಿದ್ದು ನಾನು. ನೀನು ಹೋದದ್ದು ನನ್ನ ಬಾಯಿ ಮುಚ್ಚಿಸಲು. ನಿನಗೆ ಆದದ್ದು ನಿಜ ಅಂತ ಒಪ್ಪಿಕೊಂಡರೆ ನಾನೇ ಮಾಡಿಸಿದ್ದು ಅಂತಲೂ ಒಪ್ಪಿಕೊಳ್ಳಬೇಕಿತ್ತು. ಅದಕ್ಕೆ ಗ್ಯಾಸ್ ಅಂದೆ, ಮುದ್ದು ಅಂದೆ, ದೃಷ್ಟಿ ಅಂದೆ. ನೀನು ಒಂದು ಸಲವೂ, ಅಮ್ಮಾ ನಿನ್ನಿಂದಾಗಿ ಹೀಗಾಯ್ತು ಅನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಬಹುದಿತ್ತು.

ತಪ್ಪಾಯಿತು ಪುಟ್ಟಿ. ನಿನ್ನನ್ನು ನಂಬುತ್ತೇನೆ. ನಾಳೆ ಬಲಗಡೆ ಹೊಳ್ಳೆಗೆ ತಿಳಿಯದೇ ಉಳಿದರೂ ನಂಬುತ್ತೇನೆ, ಡಾಕ್ಟರು ನೂರು ಫೋಟೋ ತೋರಿಸಿದರೂ ನಂಬುತ್ತೇನೆ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಜೂನಿನಲ್ಲಿ ಮತ್ತೆ ಆ ಡಾಕ್ಟರ ಹತ್ತಿರ ಹೋಗುತ್ತೀಯಂತೆ, ಹೊಸ ಫಾರಂ ತುಂಬಬೇಕಾಗುತ್ತದೆ. ಎರಡನೇ ಸಾಲು ಹಾಗೇ ಇರಲಿ, ಅದು ಯಾರದೋ ಅವರದೇ, ಅವರು ಅದನ್ನು ದುಡಿದು ಪಡೆದಿದ್ದಾರೆ. ಮದರ್ ಅನ್ನುವುದೂ ಹಾಗೇ ಇರಲಿ. ಮೂರನೇ ಸಾಲು ಖಾಲಿ ಬಿಡ್ತೀಯಲ್ಲ, ಅಲ್ಲಿ ನನ್ನ ಹೆಸರು, ನಂಬರು ಬರೆ. ಮೂರನೆಯವರನ್ನು ಯಾರೂ ಕರೆಯುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬರೆ.

ನಿನ್ನ ಅಮ್ಮ,
ಶಾಮಲಾ

ಮರೆತೆ: ಕನ್ನಡದಲ್ಲಿ ಯಾಕೆ ಅಂತ ಹೇಳುತ್ತೇನೆ ಅಂದಿದ್ದೆ.

ರತ್ನಾವತಿಯವರೇ, ಪುಟ್ಟಿ ಭಾನುವಾರದ ಕನ್ನಡ ಕ್ಲಾಸನ್ನು ಒಂಬತ್ತನೇ ವಯಸ್ಸಿಗೇ ಬಿಟ್ಟಳು, ಅವಳ ಹೆಸರೊಂದು ಬಿಟ್ಟರೆ ಓದಲು ಬರುವುದಿಲ್ಲ. ದೀಪೇಶನಿಗೂ ಬರುವುದಿಲ್ಲ. ಆ ಮನೆಯಲ್ಲಿ ಇದನ್ನು ಓದಬಲ್ಲವರು ನೀವೊಬ್ಬರೇ. ಅಂದರೆ ಇಷ್ಟು ಹೊತ್ತು ಇದನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದವರು ನೀವು, ನಿಮ್ಮ ಮೇಲೆ ನಾನು ಕಾರಿದ್ದನ್ನೂ ಸೇರಿಸಿ. ಒಂದು ಸಾಲನ್ನೂ ನೀವು ಹಾರಿಸಿರುವುದಿಲ್ಲ ಅಂತ ನಂಬಿಕೆ. ಗುರುವಾರದ ಫೋನಿನ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಕ್ಷಮಿಸಿ. ಮೋಹನದಾಸರ ವಿಷಯ ಬಂದಲ್ಲಿ ನಿಮ್ಮ ದನಿ ನಿಂತಿದ್ದರೆ ಅದಕ್ಕೂ ಕ್ಷಮಿಸಿ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ನೇರವಾಗಿ ಅವಳಿಗೇ ಕಳಿಸಬಹುದಿತ್ತು. ಆದರೆ ನನ್ನ ಬಾಯಿಂದ ಬಂದರೆ ಅವಳು ನಂಬುವುದಿಲ್ಲ, ನಿಮ್ಮ ಬಾಯಿಂದ ಬಂದರೆ ನಂಬುತ್ತಾಳೆ. ಅದೂ ಅಲ್ಲದೆ, ನಿಮಗೆ ಹೇಳಬೇಕಾದದ್ದನ್ನು ಅವಳ ಎದುರಿಗೇ ಹೇಳಬೇಕಿತ್ತು, ಅಂದದ್ದು ಅವಳ ಎದುರಿಗೆ ತಾನೆ. ಸಂಕ್ರಾಂತಿಯ ದಿನ ಆ ಮನೆಯಲ್ಲಿ ಹೊಟ್ಟೆಕಿಚ್ಚಿನ ಕಣ್ಣು ಇದ್ದದ್ದು ಒಂದೇ ಜೊತೆ. ಅದು ನನ್ನದು.

ಬರುವ ಗುರುವಾರ ನೀವು ನನಗೆ ಫೋನು ಮಾಡಬೇಡಿ. ನಂಬರು ಒತ್ತಿ ಅವಳ ಕೈಗೆ ಕೊಡಿ.